ಮತ್ತಿ ಮರದ ಪತಂಗಕ್ಕೆ ಎರಡು ಹೆಸರು

ಸಾಗರ
೧೨ ಜೂನ್ ೨೦೨೩

ಪ್ರಿಯ ಸ್ವಪ್ನಾ,

ನಿನಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೊನ್ನೆ ತೀರ್ಥಹಳ್ಳಿ ಬಸ್ಸಿನಲ್ಲಿ ನಿನ್ನ ತಮ್ಮ ಗೌತಮ್ ಸಿಕ್ಕಿದ್ದ. ಟಿಕೆಟ್ ಹರಿದು ಕೈಗೆ ಕೊಡುತ್ತಲೇ ‘ಅಕ್ಕ ಫೋನಲ್ಲಿ ಮಾತಾಡಲ್ವಂತೆ ಸರ್. ಏನಿದ್ರೂ ಬರ್ದು ಕಳಿಸ್ಬೇಕಂತೆ’ ಎಂದ. ಆಗಲಿ. ನಾನು ಪೆನ್ನು ಹಿಡಿಯುವುದು ಈಗ ಸಹಿ ಹಾಕಲಿಕ್ಕೆ ಮಾತ್ರ. ಈ ಅಕ್ಷರ ಓದುವ ಕಷ್ಟ ನಿನ್ನದು.

ನಿನ್ನ ಅಪ್ಪ ಕನ್ನಪ್ಪ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಆಮೇಲೆ ಬರಬೇಕೆಂದುಕೊಂಡೆ, ಎರಡು ವರ್ಷ ಕಳೆದೇ ಹೋಯಿತು. ಹದಿನಾಲ್ಕು ವರ್ಷ ನನ್ನ ಜೊತೆ ಕಾಡು ತಿರುಗಿದವನು. ಅವನಿಲ್ಲದೆ ನನ್ನ ಈಗಿನ ವಿದ್ಯಾರ್ಥಿಗಳಿಗೆ ಒಂದು ಕಂಬಳಿಹುಳ ಹುಡುಕುವುದಕ್ಕೂ ಬರುವುದಿಲ್ಲ.

ವಿಷಯ ಇಷ್ಟು. ಮತ್ತಿ ಮರದ ಆ ಬೂದು ಪತಂಗ, ರೆಕ್ಕೆಯ ಅಂಚಿಗೆ ಇಟ್ಟಿಗೆ ಬಣ್ಣದ ಪಟ್ಟೆ ಇರುವುದು, ನಿನಗೆ ಗೊತ್ತಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಬಿಟ್ಟರೆ ಅದು ಇನ್ನೆಲ್ಲೂ ಸಿಕ್ಕಿಲ್ಲ. ಬೇರೆ ಯಾವ ದೇಶದ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ಇನ್ನೂ ಹೆಸರೇ ಇಲ್ಲ. ಹೆಸರಿಡುವ ಪ್ರಬಂಧ ಬರೆಯಲು ಕೂತಿದ್ದೇನೆ. ಕನ್ನಪ್ಪನ ನೋಟುಪುಸ್ತಕಗಳೂ ಅವನ ಪೆಟ್ಟಿಗೆಗಳಲ್ಲಿ ಉಳಿದಿರುವ ಪತಂಗಗಳೂ ಬೇಕು. ನೀನು ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡಿರುವವಳು, ನಿನಗೆ ಅವು ಜಾಗಕ್ಕೆ ಭಾರ. ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಹಿಂದೆ ಯಾವಾಗಲೋ ಸಭೆಯಲ್ಲಿ ತಮಾಷೆಗೆ ಅಂದ ಮಾತನ್ನು ಅವನು ಮನಸ್ಸಿಗೆ ಹಚ್ಚಿಕೊಂಡ ಎಂದು ಕೇಳಿದ್ದೇನೆ. ನೀನು ಹಾಗೆ ಮಾಡಬೇಡ.

ನಿನ್ನ ಮೇಷ್ಟ್ರು,
ಶ್ರೀಕರ


ಹೊಸನಗರ
೩೦ ಜೂನ್ ೨೦೨೩

ಶ್ರೀಕರ ಸರ್ ಅವರಿಗೆ ನಮಸ್ಕಾರ.

ಅಪ್ಪನ ನೋಟುಪುಸ್ತಕಗಳು ಮನೆ ಬಿಟ್ಟು ಹೋಗುವುದಿಲ್ಲ. ಮೊದಲು ಹೋದ ಎರಡು ಇನ್ನೂ ವಾಪಸು ಬಂದಿಲ್ಲ. ಅಪ್ಪ ತಂದುಕೊಟ್ಟ ಪತಂಗಗಳ ಸೂಜಿಯಿಂದ ಅವರು ಬರೆದ ಚೀಟಿ ತೆಗೆದು ‘ಸಂಗ್ರಹ: ಶ್ರೀಕರ’ ಎಂಬ ಅಚ್ಚಿನ ಚೀಟಿ ಸಿಕ್ಕಿಸಿದ್ದನ್ನು ನಿಮ್ಮ ಕಪಾಟಿನಲ್ಲಿ ನಾನೇ ನೋಡಿದ್ದೇನೆ. ಆಗ ನಿಮ್ಮ ವಿದ್ಯಾರ್ಥಿನಿ, ಬಾಯಿ ಬಿಡಲಿಲ್ಲ.

ಫೋನು ಯಾಕೆ ಬೇಡವೆಂದರೆ, ಅಪ್ಪ ಮಾತನ್ನು ನಂಬಿದವರು. ನಾನು ಕಾಗದವನ್ನು ನಂಬುತ್ತೇನೆ.

ಆದರೂ ನಿಮ್ಮ ಕೆಲಸ ನಿಲ್ಲುವುದು ಬೇಡ. ಮಳೆ ಹಿಂದೆಗೆದ ಮೇಲೆ ನಮ್ಮ ಮನೆ ಹಿಂದಿನ ಮತ್ತಿ ಮರಕ್ಕೆ ಆ ಕಂಬಳಿಹುಳಗಳು ಬರುತ್ತವೆ. ಅಪ್ಪ ಹೇಳಿಕೊಟ್ಟ ಹಾಗೆ ಸಾಕಿ, ಹೊರಬಂದದ್ದನ್ನು ಕಳಿಸುತ್ತೇನೆ.

ಇಂತಿ,
ಸ್ವಪ್ನಾ ಕನ್ನಪ್ಪ


ಹೊಸನಗರ
೩೦ ಜೂನ್ ೨೦೨೩

ಗೌತಮಾ,

ಇದನ್ನು ನಿಮ್ಮ ಬೆಳಗಿನ ಬಸ್ಸಿನವರ ಕೈಗೆ ಕೊಟ್ಟಿದ್ದೇನೆ. ಭಾನುವಾರ ಬಂದಾಗ ಹೇಳೋಣವೆಂದರೆ ನೀನು ಅರ್ಧ ಕೇಳಿ ಎದ್ದು ಹೋಗುತ್ತೀಯ. ಕಾಗದವಾದರೆ ಡಿಪೋದಲ್ಲಿ ಕೂತು ಪೂರ್ತಿ ಓದುತ್ತೀಯ.

೨೦೧೮ರ ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಏನಾಯಿತೆಂದು ನಿನಗೆ ಅಮ್ಮ ಹೇಳಿದ್ದು ಅರ್ಧ. ಅಮ್ಮನಿಗೆ ಗೊತ್ತಿರುವುದೂ ಅಷ್ಟೇ. ಶ್ರೀಕರ ಸರ್ ಪಟ್ಟೆ ಪತಂಗದ ಬಗ್ಗೆ ಭಾಷಣ ಮಾಡುತ್ತಿದ್ದರು. ಪೆಟ್ಟಿಗೆ ಹಿಡಿದುಕೊಳ್ಳಲು ಅಪ್ಪನನ್ನು ವೇದಿಕೆಗೆ ಕರೆದಿದ್ದರು. ಅಪ್ಪ ಆವತ್ತು ತಮ್ಮದೇ ಒಂದು ಸಣ್ಣ ಡಬ್ಬಿಯನ್ನೂ ಒಯ್ದಿದ್ದರು. ಅದನ್ನು ತೆರೆದು, ಕೇಳದೆಯೇ, ಮೈಕಿನ ಮುಂದೆ ಹೇಳಿದರು: ‘ಸರ್, ಇದು ಅದ್ರ ಹೆಣ್ಣು. ಇದಕ್ಕೆ ರೆಕ್ಕೆ ಬರಲ್ಲ. ಹುಟ್ಟಿದ ಗೂಡಿನ ಮೇಲೇ ಕೂತಿರತ್ತೆ, ಗಂಡೇ ಹುಡ್ಕೊಂಡ್ ಬರತ್ತೆ. ನಾನು ಸಾಕಿ ನೋಡಿದೀನಿ.’

ಸರ್ ಅದನ್ನು ಚಿಮಟದಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ‘ಕನ್ನಪ್ಪನ ಕೈ ನೋಡಿ, ಕತ್ತಿ ಹಿಡಿಯೋ ಕೈ. ರೆಕ್ಕೆ ಮುರ್ದು ಹಾಕಿ ಈಗ ಹೆಣ್ಣು ಅಂತ ಕಥೆ ಹೇಳ್ತಿದಾನೆ’ ಎಂದು ಅದನ್ನು ಕಸದ ಬುಟ್ಟಿಗೆ ಎಸೆದರು. ಇನ್ನೂರು ಜನ ನಕ್ಕರು.

ಇನ್ನರ್ಧ ಇದು. ನಾನು ಮೂರನೇ ಬೆಂಚಿನಲ್ಲಿದ್ದೆ. ಪಕ್ಕದವರಿಗೆ ಅವರು ನನ್ನ ಅಪ್ಪ ಎಂದು ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ನಾನೂ ನಕ್ಕೆ ಗೌತಮಾ. ಅಪ್ಪ ನನ್ನ ಕಡೆಗೇ ನೋಡುತ್ತಿದ್ದರು.

ಆಮೇಲೆ ಅವರು ಸಾಗರಕ್ಕೆ ಹೋಗಲಿಲ್ಲ. ಸಾಯುವ ತನಕ ಮೂರು ವರ್ಷ, ಹಳೇ ಸೊಳ್ಳೆಪರದೆ ಹೊಲಿದ ಆ ಪೆಟ್ಟಿಗೆಗಳಲ್ಲಿ ಹುಳ ಸಾಕಿ, ಪ್ರತಿಯೊಂದು ಗೂಡಿನಿಂದ ಏನು ಬಂತೆಂದು ಬರೆದಿಟ್ಟರು. ಒಂದೇ ತಾಯಿಯ ಮೊಟ್ಟೆಗಳಿಂದ ರೆಕ್ಕೆಯಿರುವ ಗಂಡೂ ರೆಕ್ಕೆಯಿಲ್ಲದ ಹೆಣ್ಣೂ ಬರುತ್ತವೆ. ಅಪ್ಪ ಹೇಳಿದ್ದು ನಿಜ. ಇದು ಗೊತ್ತಿರುವುದು ಜಗತ್ತಿನಲ್ಲಿ ನನಗೆ, ಈಗ ನಿನಗೆ.

ನಾನು ಆ ಮನುಷ್ಯನಿಗೆ ಸುಳ್ಳು ಹೇಳುವುದಿಲ್ಲ. ರೆಕ್ಕೆಯಿಲ್ಲದ್ದನ್ನು ಕಳಿಸುತ್ತೇನೆ. ಅವರು ಸರಿಯಾದ ಒಂದು ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಕೊಡುತ್ತೇನೆ. ಕೇಳದೆ ಅಚ್ಚು ಹಾಕಿಸಿದರೆ, ಇನ್ನೂರು ಜನರ ಮುಂದಲ್ಲ, ಈ ವಿದ್ಯೆ ಗೊತ್ತಿರುವ ಎಲ್ಲರ ಮುಂದೆ ಆ ತಪ್ಪನ್ನು ಚಿಮಟದಲ್ಲಿ ಎತ್ತಿ ತೋರಿಸುತ್ತೇನೆ.

ನಿನ್ನ ಅಕ್ಕ


ಹೊಸನಗರ
೨೬ ನವೆಂಬರ್ ೨೦೨೩

ಶ್ರೀಕರ ಸರ್ ಅವರಿಗೆ ನಮಸ್ಕಾರ.

ಹತ್ತಿಯಲ್ಲಿಟ್ಟ ಐದು ಪತಂಗಗಳನ್ನು ಕಳಿಸಿದ್ದೇನೆ. ಇವಕ್ಕೆ ರೆಕ್ಕೆಯಿಲ್ಲ. ಮುರಿದದ್ದಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ನಿಮಗೇ ಕಾಣುತ್ತದೆ. ಮನೆ ಹಿಂದಿನ ಮತ್ತಿ ಮರದಲ್ಲಿ ಸಿಕ್ಕಿದ ಒಂದೇ ತಾಯಿಯ ಮೊಟ್ಟೆಗಳಿಂದ ಸಾಕಿದವು. ತಾರೀಕು, ಜಾಗ ಎಲ್ಲ ಚೀಟಿಯಲ್ಲಿದೆ.

ಇವುಗಳ ಒಡಹುಟ್ಟುಗಳು ಐವತ್ತಾರು ನನ್ನ ಬಳಿ ಇವೆ. ಬೇಕೆಂದರೆ ಕಳಿಸುತ್ತೇನೆ, ಅಥವಾ ನೀವೇ ಬಂದು ನೋಡಬಹುದು.

ಇಂತಿ,
ಸ್ವಪ್ನಾ ಕನ್ನಪ್ಪ


ಸಾಗರ
೧೪ ಜನವರಿ ೨೦೨೪

ಪ್ರಿಯ ಸ್ವಪ್ನಾ,

ನಿನ್ನ ಡಬ್ಬಿ ತೆರೆದ ದಿನ ನನಗೆ ಊಟ ಸೇರಲಿಲ್ಲ. ಇದೊಂದು ಬೇರೆಯದೇ ಹೊಸ ಜಾತಿ! ಇಂಥ ಪತಂಗಗಳ ಬಳಗದಲ್ಲಿ ಹೆಣ್ಣಿಗೆ ರೆಕ್ಕೆಯಿಲ್ಲದಿರುವುದು ಅಪರೂಪವೇನಲ್ಲ, ಪುಸ್ತಕಗಳಲ್ಲಿದೆ. ಇದರ ಗಂಡು ಎಲ್ಲಿದೆಯೋ ಗೊತ್ತಿಲ್ಲ, ಮುಂದೆ ಯಾರಾದರೂ ಹುಡುಕಲಿ. ಪಟ್ಟೆ ಪತಂಗದ ಹೆಣ್ಣಂತೂ ನನ್ನ ಬಳಿ ಆಗಲೇ ಇದೆ. ಸ್ವಲ್ಪ ದೊಡ್ಡ ಗಾತ್ರದ, ಹೊಟ್ಟೆ ದಪ್ಪಗಿರುವ, ರೆಕ್ಕೆಯಿರುವ ಎರಡು ದೀಪಕ್ಕೆ ಬಂದು ಸಿಕ್ಕಿದ್ದವು.

ಒಡಹುಟ್ಟುಗಳು ಬೇಡ. ಐದು ಸಾಕು. ಎಲ್ಲ ಒಂದೇ ಥರ ಇರುತ್ತವೆ, ನೋಡಿ ಏನು ಮಾಡಲಿ.

ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ಆರೆಂಟು ತಿಂಗಳು ಹಿಡಿಯುತ್ತದೆ, ಅಷ್ಟು ಪುರುಸೊತ್ತಿಲ್ಲ. ಬರುವ ನವೆಂಬರಿನಲ್ಲಿ ಆನಂದಪುರದ ಮನೆಯಲ್ಲಿ ಅಪ್ಪಯ್ಯನಿಗೆ ತೊಂಬತ್ತು ತುಂಬುವ ಸಮಾರಂಭ. ಪಟ್ಟೆ ಪತಂಗಕ್ಕೆ ಅಪ್ಪಯ್ಯನ ಹೆಸರಿಡುತ್ತಿದ್ದೇನೆ, ಲ್ಯಾಟಿನ್ ರೂಪದಲ್ಲಿ ‘ವೆಂಕಟ್ರಮಣೈ’ ಎಂದು. ಆ ಪ್ರಬಂಧ ಈ ಏಪ್ರಿಲಿಗೆ ಬರುತ್ತದೆ.

ಇನ್ನು ನಿನಗೊಂದು ಸಿಹಿ ಸುದ್ದಿ. ರೆಕ್ಕೆಯಿಲ್ಲದ್ದಕ್ಕೆ ‘ಕನ್ನಪ್ಪೈ’ ಎಂದಿಡುತ್ತೇನೆ. ಆವತ್ತು ಅವನು ತಂದದ್ದು ಮುರಿದದ್ದಲ್ಲ, ಈ ಬೇರೆ ಜಾತಿಯೇ ಇರಬೇಕೆಂದು ಈಗ ಹೊಳೆಯಿತು. ಅವನು ಅದನ್ನು ಪಟ್ಟೆ ಪತಂಗದ ಜೊತೆ ಗಂಟುಹಾಕಿದ, ಅದು ಅವನ ತಪ್ಪಲ್ಲ, ಓದಿದವನಲ್ಲ. ಇದು ಮುಂದಿನ ವರ್ಷದ ಪ್ರಬಂಧದಲ್ಲಿ.

ಈಗ ಸಮಾಧಾನ ತಾನೇ?

ಶ್ರೀಕರ


ತೀರ್ಥಹಳ್ಳಿ
೨೮ ಜನವರಿ ೨೦೨೪

ಅಕ್ಕಾ,

ನೀನು ಕಳಿಸಿದ ಅವರ ಪತ್ರ ಎರಡು ಸಲ ಓದಿದೆ. ಡಿಪೋದಲ್ಲಿ ಡ್ರೈವರ್ ಹೂವಯ್ಯ ‘ಏನೋ ಮದುವೆ ಸಂಬಂಧವಾ, ಇಷ್ಟು ಉದ್ದ ಇದೆ’ ಎಂದು ತಮಾಷೆ ಮಾಡಿದ.

ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ, ಬೈಯಬೇಡ. ಅಪ್ಪನ ಹೆಸರು ಇಡುತ್ತೇನೆ ಎನ್ನುತ್ತಿದ್ದಾರೆ. ತಪ್ಪಾಯಿತೆಂದು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಅಳುಕಿದೆ ಅನ್ನಿಸುತ್ತದೆ. ಈಗಲೇ ಎಲ್ಲ ಹೇಳಿಬಿಡು. ಅಪ್ಪ ಇದ್ದಿದ್ದರೆ ನೇರ ಹೋಗಿ ಹೇಳುತ್ತಿದ್ದರು.

ನಾನು ದಿನಾ ಆ ದಾರಿಯಲ್ಲಿ ಓಡಾಡುವವನು. ಅವರು ಬಸ್ಸು ಹತ್ತಿದರೆ ಮುಖ ನೋಡಲಿಕ್ಕೆ ಆಗುವುದಿಲ್ಲ.

ಗೌತಮ್


ಹೊಸನಗರ
೩೧ ಜನವರಿ ೨೦೨೪

ಗೌತಮಾ,

ಅಪ್ಪ ನೇರ ಹೋಗಿಯೇ ಹೇಳಿದ್ದರು. ಏನಾಯಿತು ಗೊತ್ತಲ್ಲ.

ಅಮ್ಮನಿಗೂ ಈಗ ಎಲ್ಲ ಹೇಳಿದ್ದೇನೆ, ನಾನು ನಕ್ಕಿದ್ದನ್ನೂ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ದೋಸೆ ಎರೆಯುತ್ತಾ ಕಾವಲಿಗೆ ಹೇಳುವ ಹಾಗೆ ಹೇಳಿದಳು: ‘ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಆನೆ ತಗಂಡು ನಾವೆಂತ ಮಾಡೋದು? ನೀ ಹಿಡಿದಿದ್ದು ಬಿಡ್ಬೇಡ.’ ನಿನ್ನ ಅಮ್ಮ ಹುಲಿಯಮ್ಮ ಎಂಬುದು ಬರೀ ಹೆಸರಲ್ಲ.

ಈಗ ಗಮನವಿಟ್ಟು ಓದು. ಒಂದೇ ಜೀವಿಗೆ ಗೊತ್ತಿಲ್ಲದೆ ಎರಡು ಹೆಸರು ಬಿದ್ದರೆ, ಮೊದಲು ಅಚ್ಚಾದದ್ದು ಉಳಿಯುತ್ತದೆ, ಎರಡನೆಯದು ಬಿದ್ದುಹೋಗುತ್ತದೆ. ಅವರು ಹೇಳಿದ ಪ್ರಕಾರ ನಡೆದರೆ ಏಪ್ರಿಲಿನಲ್ಲಿ ವೆಂಕಟ್ರಮಣಯ್ಯನ ಹೆಸರು, ಮುಂದಿನ ವರ್ಷ ಅಪ್ಪನದು. ಆಮೇಲೆ ನಾನು ‘ಇವೆರಡೂ ಒಂದೇ, ಗಂಡು ಹೆಣ್ಣು’ ಎಂದು ತೋರಿಸಿಕೊಟ್ಟರೆ ಸಾಯುವುದು ಅಪ್ಪನ ಹೆಸರು. ನನ್ನ ಕೈಯಿಂದಲೇ. ಇದನ್ನು ಯೋಚಿಸಿ ನನಗೆ ಮೂರು ದಿನ ಪಾಠ ಮಾಡಲಾಗಲಿಲ್ಲ, ಮಕ್ಕಳಿಗೆ ಚಿತ್ರ ಬರೆಯಿರಿ ಎಂದು ಹೇಳಿ ಕೂತಿದ್ದೆ.

ಹೆಸರಿಡುವ ನಿಯಮದ ಪುಸ್ತಕ ತರಿಸಿ ಓದಿದೆ. ಅದರಲ್ಲಿ ಇನ್ನೊಂದು ಮಾತಿದೆ. ಎರಡು ಹೆಸರೂ ಒಂದೇ ದಿನ ಅಚ್ಚಾಗಿದ್ದರೆ, ಇವೆರಡೂ ಒಂದೇ ಎಂದು ಮೊದಲು ಅಚ್ಚಿನಲ್ಲಿ ಹೇಳಿ ಎರಡರಲ್ಲಿ ಒಂದನ್ನು ಆರಿಸಿದವರ ಮಾತೇ ಕೊನೆ. ಯಾವುದು ಮೊದಲಿನ ಪುಟದಲ್ಲಿದೆ, ಯಾವುದು ಆಮೇಲಿನ ಪುಟದಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ.

ಹಾಗಾಗಿ ಎರಡೂ ಒಂದೇ ಪ್ರಬಂಧದಲ್ಲಿ ಬರಬೇಕು. ಹಾಗೆ ಬಂದರೆ ಆರಿಸುವವಳು ನಾನು. ಬೇರೆ ಬೇರೆ ಬಂದರೆ ಬಾಯಿ ಮುಚ್ಚಿಕೊಂಡು ಕೂರಬೇಕು, ಆ ತಪ್ಪು ಹಾಗೇ ಉಳಿಯಬೇಕು, ಅಪ್ಪ ಹೇಳಿದ್ದು ನಿಜವೆಂದು ಯಾರಿಗೂ ತಿಳಿಯಬಾರದು.

ಆನಂದಪುರದ ಆ ಮನೆ ನಿನಗೆ ನೆನಪಿಲ್ಲ, ಚಿಕ್ಕವನು. ಅಲ್ಲಿ ಅಪ್ಪನಿಗೆ ಕಾಫಿ ಕೊಡುವ ಲೋಟ ಅಂಗಳದ ಕಟ್ಟೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಕುಡಿದ ಮೇಲೆ ತೊಳೆದು ಅಲ್ಲೇ ಬೋರಲು ಹಾಕಿ ಬರಬೇಕಿತ್ತು. ವೆಂಕಟ್ರಮಣಯ್ಯ ಜಗಲಿಯಲ್ಲಿ ಕೂತು, ‘ತೊಳ್ದ್ಯನಾ ಕನ್ನಪ್ಪ?’ ಎಂದು ಕೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಕೇಳುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಪ್ರತಿ ಸಲ ಕೇಳುತ್ತಿದ್ದರು, ಅಷ್ಟೇ.

ನಿನಗೆ ಸರ್ ಮುಖ ನೋಡಲಾಗದಿದ್ದರೆ ಬಸ್ಸಿನ ಹಿಂದಿನ ಬಾಗಿಲಿನಲ್ಲಿ ನಿಂತುಕೋ.

ನಿನ್ನ ಅಕ್ಕ


ಹೊಸನಗರ
೩ ಫೆಬ್ರವರಿ ೨೦೨೪

ಶ್ರೀಕರ ಸರ್ ಅವರಿಗೆ ನಮಸ್ಕಾರ.

ನಮ್ಮ ತಂದೆಯ ಹೆಸರಿಡುವ ಯೋಚನೆಗೆ ಕೃತಜ್ಞತೆಗಳು.

ನನ್ನದು ಒಂದೇ ಕೋರಿಕೆ. ಎರಡು ಹೆಸರೂ ಒಂದೇ ಪ್ರಬಂಧದಲ್ಲಿ, ಒಂದೇ ದಿನ ಬರಲಿ. ನಿಮ್ಮ ತಂದೆಯವರದು ಮೊದಲಿನ ಪುಟದಲ್ಲೇ ಇರಲಿ, ಅಪ್ಪನದು ಅದರ ನಂತರ ಇರಲಿ. ಮುಂದಿನ ವರ್ಷ ಎಂದ ಮಾತುಗಳು ನಮ್ಮ ಮನೆಗೆ ಬಂದು ಮುಟ್ಟಿದ್ದು ಕಡಿಮೆ. ಆಗದಿದ್ದರೆ ಐದು ಪತಂಗಗಳನ್ನೂ ವಾಪಸು ಕಳಿಸಬೇಕು.

ಇಂತಿ,
ಸ್ವಪ್ನಾ ಕನ್ನಪ್ಪ


ಸಾಗರ
೨೦ ಮಾರ್ಚ್ ೨೦೨೪

ಪ್ರಿಯ ಸ್ವಪ್ನಾ,

ತಡವಾದ ಉತ್ತರಕ್ಕೆ ಬೇಸರಿಸಬೇಡ. ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಮೇಷ್ಟ್ರಿಗೆ ಷರತ್ತು ಹಾಕುವ ಶಿಷ್ಯೆ! ಪತಂಗಗಳನ್ನು ಕಟ್ಟಿ ವಾಪಸು ಕಳಿಸಲೆಂದು ಡಬ್ಬಿಯನ್ನೂ ತೆಗೆದಿಟ್ಟಿದ್ದೆ. ಮನೆಯಲ್ಲಿ ವರದಾಳ ಹತ್ತಿರ ಹೇಳಿದೆ. ಅವಳು ಪಕ್ಕಾ ಹೆಂಡತಿ, ನನ್ನ ಪರ ಮಾತಾಡುವ ಅಭ್ಯಾಸವೇ ಇಲ್ಲ. ‘ಅಪ್ಪನ ಹೆಸ್ರು ನೋಡವು ಹೇಳಿ ಆ ಕೂಸಿಗೆ ಆಸೆ ಇರ್ತಿಲ್ಯ? ಒಟ್ಟಿಗೇ ಹಾಕ್ಸಿ’ ಎಂದಳು.

ಒಪ್ಪಿದೆ. ಏಪ್ರಿಲಿನ ಬದಲು ಅಕ್ಟೋಬರಿನ ಸಂಚಿಕೆಗೆ ಎರಡನ್ನೂ ಸೇರಿಸಿ ಕೊಡುತ್ತೇನೆ. ಸಮಾರಂಭದ ಹೊತ್ತಿಗೆ ಸರಿಯಾಗುತ್ತದೆ. ನಾನು ದೊಡ್ಡ ಮನಸ್ಸಿನವನು ಎಂದು ನೀನು ಒಂದು ದಿನ ಒಪ್ಪಬೇಕು.

ಶ್ರೀಕರ


ತೀರ್ಥಹಳ್ಳಿ
೨೫ ನವೆಂಬರ್ ೨೦೨೪

ಅಕ್ಕಾ,

ನೀನು ಬರಲಿಲ್ಲ. ಕರೆದಿದ್ದಾರೆಂದು ನಾನೂ ಅಮ್ಮನೂ ಆನಂದಪುರಕ್ಕೆ ಹೋಗಿ ಬಂದೆವು. ನಿನ್ನ ಜಗಳ ನಿನಗೆ, ಊಟಕ್ಕೆ ಹೋದವನು ಊಟದ ವಿಷಯ ಸುಳ್ಳು ಹೇಳುವುದಿಲ್ಲ. ಹೋಳಿಗೆ ಚೆನ್ನಾಗಿತ್ತು.

ಜಗಲಿಯಲ್ಲಿ ಬಾಗಿಲಿನಷ್ಟು ದೊಡ್ಡ ಫೋಟೋ ಕಟ್ಟಿದ್ದರು, ರೆಕ್ಕೆ ಬಿಚ್ಚಿದ ಪಟ್ಟೆ ಪತಂಗ. ಕೆಳಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ವೆಂಕಟ್ರಮಣಯ್ಯನವರ ಹೆಸರು. ಅಜ್ಜ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಅದನ್ನು ಕೈಮಾಡಿ ತೋರಿಸುತ್ತಿದ್ದರು. ಕಣ್ಣು ಮಂಜು, ಆದರೆ ಮುಖ ಅರಳಿತ್ತು. ಎಲ್ಲರ ಮುಂದೆ ಶ್ರೀಕರ ಸರ್ ‘ಇನ್ನು ಸಾವಿರ ವರ್ಷ ಅಪ್ಪಯ್ಯನ ಹೆಸರು ಹೋಗುವುದಿಲ್ಲ’ ಎಂದು ಭಾಷಣ ಮಾಡಿದರು.

ಅಪ್ಪನ ಪತಂಗದ ಫೋಟೋ ಕಾಣಲಿಲ್ಲ. ಕೇಳಿದೆ. ‘ಅದು ಹಾಕೋಕೆ ಚೆಂದ ಇಲ್ಲ ಮಾರಾಯ, ಹುಳದ ಥರ ಕಾಣತ್ತೆ’ ಎಂದು ಸರ್ ನಕ್ಕರು. ಅಮ್ಮ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದಳು. ಅವಳು ಅನ್ನ ಬಿಟ್ಟು ಎದ್ದದ್ದನ್ನು ನಾನು ಈವರೆಗೆ ನೋಡಿರಲಿಲ್ಲ.

ನಿನ್ನ ಪ್ರಬಂಧ ಯಾವಾಗ ಅಚ್ಚಾಗುತ್ತದೆ? ಬೇಗ ಕಳಿಸು.

ಗೌತಮ್


ಹೊಸನಗರ
೧೦ ಮಾರ್ಚ್ ೨೦೨೫

ರಿಜಿಸ್ಟರ್ಡ್ ಅಂಚೆ

ಶ್ರೀಕರ ಸರ್ ಅವರಿಗೆ ನಮಸ್ಕಾರ.

ಕಳೆದ ವಾರ ಅಚ್ಚಾದ ನನ್ನ ಎರಡು ಪುಟದ ಪ್ರಬಂಧವನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ಓದುವ ಮೊದಲೇ ಸಾರಾಂಶ ಹೇಳಿಬಿಡುತ್ತೇನೆ.

ನಿಮ್ಮ ಎರಡು ಹೊಸ ಜಾತಿಗಳು ಒಂದೇ ಜಾತಿ. ಪಟ್ಟೆಯಿರುವುದು ಗಂಡು, ರೆಕ್ಕೆಯಿಲ್ಲದ್ದು ಅದರ ಹೆಣ್ಣು. ನಾನು ಕಳಿಸಿದ ಐದರ ಒಡಹುಟ್ಟುಗಳು ಐವತ್ತಾರು ಇವೆ ಎಂದು ಬರೆದಿದ್ದೆನಲ್ಲ, ಅವುಗಳಲ್ಲಿ ಮೂವತ್ತಮೂರಕ್ಕೆ ರೆಕ್ಕೆಯೂ ಇದೆ, ಇಟ್ಟಿಗೆ ಬಣ್ಣದ ಪಟ್ಟೆಯೂ ಇದೆ. ಎಲ್ಲ ಒಂದೇ ಥರ ಇರುತ್ತವೆ, ನೋಡಿ ಏನು ಮಾಡಲಿ ಎಂದು ನೀವು ಉತ್ತರ ಬರೆದಿರಿ. ಆ ಪತ್ರ ನನ್ನ ಬಳಿ ಭದ್ರವಾಗಿದೆ. ಗೂಡಿನ ಮೇಲೆ ಕೂತ ಹೆಣ್ಣನ್ನು ಗಂಡು ಹುಡುಕಿ ಬಂದು ಕೂಡಿದ ಚಿತ್ರ ಎರಡನೇ ಪುಟದಲ್ಲಿದೆ, ನಡು ಮಧ್ಯಾಹ್ನ ತೆಗೆದದ್ದು. ನೀವು ಹೆಣ್ಣೆಂದು ಇಟ್ಟುಕೊಂಡಿರುವ ಆ ಎರಡು ದಪ್ಪ ಹೊಟ್ಟೆಯವು ಬೇರೆಯದೇ ಜಾತಿ. ಹೋದ ಬೇಸಿಗೆ ರಜೆಯಲ್ಲಿ ನಿಮ್ಮ ಕಾಲೇಜಿಗೆ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಅವನ್ನು ನೋಡಿ ಬಂದೆ. ಯಾರೂ ತಡೆಯಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ.

ನೀವು ಇಟ್ಟ ಎರಡು ಹೆಸರುಗಳೂ ಒಂದೇ ದಿನ ಅಚ್ಚಾದವು. ಹಾಗಾದಾಗ ಯಾವುದು ಉಳಿಯಬೇಕೆಂದು ಮೊದಲು ತಿದ್ದಿದವರು ಆರಿಸಬಹುದು, ನಿಮಗೆ ಗೊತ್ತಿರುವ ನಿಯಮವೇ. ಆರಿಸಿದ್ದೇನೆ. ಕನ್ನಪ್ಪೈ ಉಳಿಯಿತು. ಗಂಡಿಗೂ ಹೆಣ್ಣಿಗೂ, ಜಗಲಿಯ ಫೋಟೋದಲ್ಲಿರುವುದಕ್ಕೂ ಇನ್ನು ಅದೇ ಹೆಸರು.

ಏಳು ವರ್ಷದ ಹಿಂದೆ ನಿಮ್ಮ ವೇದಿಕೆಯ ಮೇಲೆ ನನ್ನ ತಂದೆ ಇದನ್ನೇ ನಾಲ್ಕು ವಾಕ್ಯಗಳಲ್ಲಿ ಹೇಳಿದ್ದರು. ಆ ವಾಕ್ಯಗಳನ್ನು ಪ್ರಬಂಧದಲ್ಲಿ ಹಾಗೆಯೇ ಹಾಕಿದ್ದೇನೆ, ತಾರೀಕಿನ ಸಮೇತ. ಈ ಸಂಗತಿಯನ್ನು ಮೊದಲು ಕಂಡವರು ಕನ್ನಪ್ಪ ಎಂದು ಬರೆದಿದ್ದೇನೆ. ನೀವು ನಕ್ಕಿದ್ದನ್ನು ಬರೆದಿಲ್ಲ. ಅದನ್ನು ಬರೆದರೆ ನಾನೂ ನಕ್ಕಿದ್ದನ್ನು ಬರೆಯಬೇಕಾಗುತ್ತಿತ್ತು. ನನ್ನ ಪಾಲಿನದನ್ನು ನಾನು ತೀರಿಸಿಕೊಳ್ಳುತ್ತೇನೆ. ಇದು ನಿಮ್ಮ ಪಾಲಿನದು.

ಇಂತಿ,
ಸ್ವಪ್ನಾ ಕನ್ನಪ್ಪ


ಸಾಗರ
೨ ಮೇ ೨೦೨೫

ಸ್ವಪ್ನಾ,

ಇಷ್ಟು ದಿನ ಬರೆಯಲಾಗಲಿಲ್ಲ. ಮೊದಲು ನಿನ್ನದೇ ತಪ್ಪಿರಬೇಕೆಂದು ಹುಡುಕಿದೆ. ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದೆ. ನೀನು ಹೇಳಿದ್ದು ಸರಿ. ಪುಣೆಯಿಂದ, ಕೊಚ್ಚಿಯಿಂದ ಹಳೇ ಸ್ನೇಹಿತರು ಫೋನ್ ಮಾಡಿ ‘ಏನ್ರೀ, ಗಂಡಹೆಂಡಿರನ್ನ ಬೇರೆ ಮಾಡಿದ್ರಂತೆ’ ಎಂದು ನಗುತ್ತಾರೆ. ನನ್ನ ವಿದ್ಯಾರ್ಥಿಗಳು ನನ್ನೆದುರು ನಗುವುದಿಲ್ಲ. ಕೋಣೆಯಿಂದ ಹೊರಬಂದರೆ ಮಾತು ನಿಲ್ಲಿಸುತ್ತಾರೆ.

ನಿನಗೆ ಎಂ.ಎಸ್‌ಸಿ ಸೀಟು ಕೊಡಿಸಿದ್ದು ನಾನು. ಫೀಸಿಗೆ ರಿಯಾಯಿತಿ ಬರೆಸಿದ್ದು ನಾನು. ಅದನ್ನು ಎತ್ತಿ ಆಡಬಾರದು, ಆಡುತ್ತಿದ್ದೇನೆ. ಒಂದು ಮಾತು, ಒಂದೇ ಒಂದು ಮಾತು ಮೊದಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ?

ನನ್ನದು ಹಾಗಿರಲಿ. ಅಪ್ಪಯ್ಯನಿಗೆ ಯಾರೋ ನೆಂಟರು ಹೇಳಿಬಿಟ್ಟರು. ಆ ಫೋಟೋ ತೆಗೆಸಿ ಅಟ್ಟಕ್ಕೆ ಹಾಕಿದ್ದೇವೆ, ಗೋಡೆಯಲ್ಲಿ ಮೊಳೆ ಉಳಿದಿದೆ. ಏನಾಯಿತೆಂದು ಅವರಿಗೆ ಪೂರ್ತಿ ಅರ್ಥವಾಗುವುದಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಟ್ಟ ಕೂಡಲೇ ಕೇಳುತ್ತಾರೆ, ‘ಯನ್ನ ಹೆಸ್ರು ಈಗ ಎಲ್ಲಿದ್ದು ಶ್ರೀಕರಾ?’ ಸುಮ್ಮನಿದ್ದರೆ ಕಾಫಿ ಮುಟ್ಟುವುದಿಲ್ಲ. ತೊಂಬತ್ತು ದಾಟಿದ ಜೀವ. ಅವರು ನಿನಗೆ ಏನು ಮಾಡಿದ್ದರು?

ಒಂದು ದಾರಿಯಿದೆ. ನೀನು ಒಪ್ಪಿದರೆ ಇಬ್ಬರೂ ಸೇರಿ ಸಂಪಾದಕರಿಗೆ ಬರೆಯೋಣ, ಆರಿಸಿದ್ದನ್ನು ಬದಲಿಸಲು ಬಿಡುತ್ತಾರೋ ಕೇಳೋಣ. ಕನ್ನಪ್ಪನವರ ಹೆಸರನ್ನು ನಾನು ಇನ್ನೊಂದು ಜಾತಿಗೆ ಇಡುತ್ತೇನೆ, ಇದಕ್ಕಿಂತ ಚೆಂದದ್ದಕ್ಕೆ, ರೆಕ್ಕೆಯಿರುವುದಕ್ಕೆ. ಕನ್ನಪ್ಪನವರಿಗೆ ನಾನು ಮಾಡಿದ್ದು ತಪ್ಪು. ಬರೆದೇ ಕೊಡುತ್ತಿದ್ದೇನೆ, ಕಾಗದವನ್ನು ನಂಬುತ್ತೇನೆ ಎಂದಿದ್ದೆಯಲ್ಲ.

ಅಪ್ಪಯ್ಯ ನಾಳೆ ಬೆಳಿಗ್ಗೆ ಮತ್ತೆ ಕೇಳುತ್ತಾರೆ. ನಾನು ಏನು ಹೇಳಲಿ?

ಶ್ರೀಕರ


ಹೊಸನಗರ
೧೧ ಮೇ ೨೦೨೫

ಶ್ರೀಕರ ಸರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ತಪ್ಪು ಎಂದು ಬರೆದ ಸಾಲನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ಎದ್ದು ದನಕ್ಕೆ ಹುಲ್ಲು ಹಾಕಲು ಹೋದಳು. ಗೌತಮ್ ‘ಈಗ ಖುಷಿಯಾಯ್ತಾ ಅಕ್ಕಾ?’ ಎಂದು ಕೇಳಿದ. ಆಗಿದೆ ಸರ್. ನಿಮ್ಮಿಂದ ಯಾಕೆ ಮುಚ್ಚಿಡಲಿ, ಬಹಳ ಖುಷಿಯಾಗಿದೆ. ಅದರ ಜೊತೆಗೆ ಬೇರೆ ಏನೋ ಇದೆ, ಅದು ನಿಮಗೆ ಸಂಬಂಧಪಟ್ಟದ್ದಲ್ಲ.

ಸೀಟು ಕೊಡಿಸಿದ್ದು ನೀವೇ. ಆ ಸೀಟಿನಲ್ಲಿ ಕೂತೇ ನಕ್ಕದ್ದು ನಾನು.

ಒಂದು ಮಾತು ಮೊದಲೇ ಹೇಳಿದ್ದರೆ ಎಂದು ಕೇಳಿದ್ದೀರಿ. ಹೇಳಿದವರೊಬ್ಬರಿದ್ದರು.

ಬದಲಿಸುವ ವಿಷಯ. ಒಮ್ಮೆ ಅಚ್ಚಿನಲ್ಲಿ ಆರಿಸಿದ ಮೇಲೆ ನಾನೇ ಬಯಸಿದರೂ ಬದಲಾಗುವುದಿಲ್ಲ. ನನಗಿಂತ ಚೆನ್ನಾಗಿ ನಿಮಗೆ ಗೊತ್ತು, ಆದರೂ ಕೇಳಿದಿರಿ. ನಾನು ಬಯಸುವುದೂ ಇಲ್ಲ. ಇದಕ್ಕಿಂತ ಚೆಂದದ ಪತಂಗ ಅಪ್ಪನಿಗೆ ಬೇಡ. ಅವರು ಮೂರು ವರ್ಷ ಒಬ್ಬರೇ ಕೂತು ನೋಡಿದ್ದು ಇದನ್ನೇ.

ನಿಮ್ಮ ಅಪ್ಪಯ್ಯ ನನಗೆ ಏನೂ ಮಾಡಿಲ್ಲ. ಅವರ ಕಾಫಿ ತಣ್ಣಗಾಗುವುದು ನನಗೆ ಇಷ್ಟವಿಲ್ಲ. ಅವರು ಕೇಳಿದ್ದಕ್ಕೆ ನಿಜವಾದ ಉತ್ತರವೇ ಇದೆ, ನಾಳೆ ಹೇಳಿಬಿಡಿ. ಹೆಸರು ಕಳೆದುಹೋಗಿಲ್ಲ. ಬಿದ್ದ ಹೆಸರನ್ನು ಅಳಿಸುವ ಪದ್ಧತಿ ನಮ್ಮ ವಿದ್ಯೆಯಲ್ಲಿಲ್ಲ. ಇನ್ನು ಮುಂದೆ ಈ ಪತಂಗದ ಪೂರ್ತಿ ವಿವರವನ್ನು ಯಾರು ಎಲ್ಲಿ ಬರೆದರೂ, ನಮ್ಮ ಮೂರು ತಾಲ್ಲೂಕಿನಲ್ಲಾಗಲಿ ಸಮುದ್ರದಾಚೆಯಾಗಲಿ, ಮೊದಲು ಕನ್ನಪ್ಪ ಎಂದು ಬರೆದು, ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ವೆಂಕಟ್ರಮಣ ಎಂದು ಬರೆಯುತ್ತಾರೆ. ನೀವು ಸಮಾರಂಭದಲ್ಲಿ ಹೇಳಿದ ಹಾಗೆ ಸಾವಿರ ವರ್ಷ ಇರುತ್ತದೆ.

ನಿಮ್ಮ ಅಪ್ಪಯ್ಯನ ಹೆಸರು ನಮ್ಮ ಅಪ್ಪನ ಹೆಸರಿನ ಕೆಳಗಿದೆ ಸರ್. ಅಲ್ಲಿಂದ ಅದನ್ನು ಯಾರೂ ಏಳಿಸಲಾರರು.

ಇಂತಿ,
ಸ್ವಪ್ನಾ ಕನ್ನಪ್ಪ